ನಮ್ಮ ಮನೆಯ ದಿನಚರಿ ಶುರುವಾಗುವುದು ಸಂಜೆ ಆರೂವರೆಗೆ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಆರೋಗ್ಯದ ದಿನಚರಿ ಅಂದ ತಕ್ಷಣ ಬೆಳಗಿನ ಐದು ಗಂಟೆಯ ಅಲಾರಾಂನಿಂದ ಶುರುವಾಗುವ ವಿಡಿಯೋಗಳೇ ಜಾಸ್ತಿ. ನಾನು ಇವತ್ತು ಸಂಜೆ ಆರೂವರೆಗೆ ಕ್ಯಾಮೆರಾ ಆನ್ ಮಾಡಿದ್ದೇನೆ.

ಕಾರಣ ಇದೆ. ಬೆಂಗಳೂರಿನಂಥ ಊರಲ್ಲಿ ಕೆಲಸ, ಟ್ರಾಫಿಕ್, ಮನೆ ಎಲ್ಲದರ ನಡುವೆ ದಿನ ಒಂದು ಹದಕ್ಕೆ ಬರಬೇಕಾದರೆ ಮೊದಲು ಸರಿ ಮಾಡಬೇಕಾದ್ದು ರಾತ್ರಿ ಊಟದ ಹೊತ್ತು. ಹತ್ತು ಗಂಟೆಗೆ ಉಂಡರೆ ಮಲಗುವುದು ಹನ್ನೆರಡಾಗುತ್ತದೆ. ಬೆಳಗ್ಗೆ ಏಳುವುದು ತಡ. ಎದ್ದರೂ ಹಸಿವಿಲ್ಲ, ತಿಂಡಿ ತಪ್ಪುತ್ತದೆ, ವಾಕಿಂಗ್‌ಗೆ ಟೈಮೇ ಇರುವುದಿಲ್ಲ. ಎಂಟರೊಳಗೆ ಊಟ ಮುಗಿಸಿ ನೋಡಿ, ಉಳಿದದ್ದು ಎಷ್ಟು ಸಲೀಸಾಗುತ್ತದೆ ಅಂತ.

ಈಗ ನೀವು ನೋಡುತ್ತಿರುವುದು ನಮ್ಮ ಅಡುಗೆಮನೆ. ಇವತ್ತು ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ. ನಾನು ಆಫೀಸಿಗೆ ಹೋಗುವ ದಿನಗಳಲ್ಲಿ ಮನೆ ಸೇರುವಷ್ಟರಲ್ಲಿ ಅಮ್ಮ ಕಾಳು ಬೇಯಲು ಇಟ್ಟಿರುತ್ತಾರೆ. ನಮ್ಮನೆಯವರು ತೆಂಗಿನಕಾಯಿ ತುರಿದಿಡುತ್ತಾರೆ. ಸೊಪ್ಪು ಗಾಂಧಿ ಬಜಾರಿನದು. ಭಾನುವಾರವೇ ಬಿಡಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಇಡುತ್ತೇವೆ. ವಾರದ ಮಧ್ಯೆ ಕೂತು ಸೊಪ್ಪು ಬಿಡಿಸಬೇಕು ಅಂದರೆ ಯಾರ ಮನೆಯಲ್ಲೂ ಆಗದ ಮಾತು.

ಅಲಸಂದೆ ಕಾಳು ಮುಕ್ಕಾಲು ಬೆಂದಿದೆ. ಈಗ ಹೆಚ್ಚಿದ ಸೊಪ್ಪು ಹಾಕುತ್ತಿದ್ದೇನೆ. ಎರಡೂ ಬೆಂದ ಮೇಲೆ ಕಟ್ಟು ಬಸಿದುಕೊಳ್ಳಬೇಕು. ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಕಾಯಿತುರಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಈ ಅಡುಗೆ ನನಗೆ ಯಾಕೆ ಇಷ್ಟ ಗೊತ್ತಾ? ಬೇಯಿಸಿದ ನೀರಿನಲ್ಲಿ ಇಳಿದ ಸತ್ವ ಸಿಂಕ್‌ಗೆ ಹೋಗುವುದಿಲ್ಲ, ತಟ್ಟೆಗೇ ಬರುತ್ತದೆ.

ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆ ಅಂತ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ತರಕಾರಿ, ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ ಅನ್ನುತ್ತದೆ ಅದು. ನಮ್ಮಲ್ಲಿ ಬಹುತೇಕ ತಟ್ಟೆಗಳು ಇದಕ್ಕೆ ಉಲ್ಟಾ. ಗುಡ್ಡದಷ್ಟು ಅನ್ನ, ಅಂಚಿನಲ್ಲಿ ಒಂದು ಚಮಚ ಪಲ್ಯ. ಅಕ್ಕಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಅನ್ನ ಇಳಿಸಿ, ಪಲ್ಯ ಏರಿಸಿ. ಬಸ್ಸಾರು ಮಾಡಿದ ದಿನ ಇದಕ್ಕೆ ಬೇರೆ ಪ್ರಯತ್ನವೇ ಬೇಡ.

ಇಲ್ಲಿ ಮುದ್ದೆಗೆ ಎಸರು ಇಟ್ಟಿದ್ದೇನೆ. ಸ್ವಲ್ಪ ಹಿಟ್ಟು ಕದಡಿ ಹಾಕಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ ಬಿಡುತ್ತೇನೆ. ಕಲಕಬಾರದು. ಸಣ್ಣ ಉರಿಯಲ್ಲಿ ಹಿಟ್ಟು ಚೆನ್ನಾಗಿ ಬೇಯಬೇಕು. ಆಮೇಲೆ ಪಾತ್ರೆ ಗಟ್ಟಿಯಾಗಿ ಹಿಡಿದು ತಿರುವುವುದು. ಗಂಟಾಗದ ಹಾಗೆ ತಿರುವುವಷ್ಟರಲ್ಲಿ ತೋಳಿಗೆ ಒಳ್ಳೆಯ ಕೆಲಸ. "ಇನ್ನೂ ಎರಡು ಸುತ್ತು ತಿರುವಮ್ಮಾ, ಹಿಟ್ಟಿನ ಬಿಳಿ ಕಾಣ್ತಾ ಇದೆ" ಅಂತ ಹಿಂದಿನಿಂದ ಅಮ್ಮನ ದನಿ ಕೇಳಿಸಿತಲ್ವಾ? ಈಗ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ರಾಗಿಯದು ಪೂರ್ತಿ ಮೈಗೆ ಹತ್ತುವುದಿಲ್ಲ, ಆದರೂ ಕಡಿಮೆಯೇನಲ್ಲ. ಮುದ್ದೆಗೆ ನಾವು ಉಪ್ಪು ಹಾಕುವುದಿಲ್ಲ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಸಾರಿನ ಉಪ್ಪೇ ಸಾಕು.

ಏಳೂವರೆ. ಊಟಕ್ಕೆ ಕೂತಿದ್ದೇವೆ. ಟಿವಿ ಆಫ್, ಫೋನ್ ಹಾಲ್‌ನಲ್ಲಿ.

ಬೇಗ ಉಣ್ಣುವುದು ಅಜ್ಜಿಯರ ಕಾಲದ ಶಿಸ್ತು ಅಷ್ಟೇ ಅಂದುಕೊಳ್ಳಬೇಡಿ. ಹೊತ್ತು ಮುಳುಗಿ ರಾತ್ರಿಯಾದಂತೆ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗುತ್ತದೆ. ಅದೇ ಅನ್ನ, ಅಷ್ಟೇ ಅಳತೆ, ತಡರಾತ್ರಿ ಉಂಡರೆ ರಕ್ತದಲ್ಲಿ ಸಕ್ಕರೆ ಹಗಲಿಗಿಂತ ಜಾಸ್ತಿ ಏರುತ್ತದೆ. ಉಂಡು ನೇರ ಮಲಗಿದರೆ ಎದೆಯುರಿ ಬೇರೆ. ಅದಕ್ಕೇ ಊಟ ಆದ ಮೇಲೆ ನಾವು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇವೆ. ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೂ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಜೊತೆಗೆ, ಮನೆಯವರು ಪರಸ್ಪರ ಸಮಾಧಾನವಾಗಿ ಮಾತಾಡುವುದು ಆಗಲೇ. ಇದನ್ನು ನಾನು ಯಾವ ವ್ಯಾಯಾಮಕ್ಕೂ ಬಿಟ್ಟುಕೊಡುವುದಿಲ್ಲ.

ಅಮೆರಿಕದ ಟೀಮ್ ಜೊತೆ ರಾತ್ರಿ ಎಂಟೂವರೆಗೆ ಕಾಲ್ ಇರುವವರು ತುಂಬಾ ಜನ ಇದ್ದೀರಿ. ಕಾಲ್ ಮುಗಿಸಿ ಊಟ ಮಾಡುತ್ತೇನೆ ಅನ್ನಬೇಡಿ, ಊಟ ಮುಗಿಸಿ ಕಾಲ್‌ಗೆ ಕೂರಿ. ಸಂಜೆ ಐದಕ್ಕೆ ಹೊಟ್ಟೆ ತಾಳ ಹಾಕಿದರೆ ಒಂದು ಹಿಡಿ ಕಡಲೆಕಾಯಿ, ಎರಡು ಏಲಕ್ಕಿ ಬಾಳೆಹಣ್ಣು. ಆ ಹೊತ್ತಿನಲ್ಲಿ ಕಾಫಿ ಬೇಡ. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದಾರು ಗಂಟೆ ಬೇಕು. ಫಿಲ್ಟರ್ ಕಾಫಿ ನನ್ನ ಪ್ರಾಣ, ಆದರೆ ಮಧ್ಯಾಹ್ನ ಎರಡರ ನಂತರ ಮುಟ್ಟುವುದಿಲ್ಲ.

ಒಂದು ಮಾತು ಖಂಡಿತ ಹೇಳಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನು ಸುಮ್ನೆ ಬದಲಿಸಬೇಡಿ. ಔಷಧಿ ಆ ಹೊತ್ತಿಗೆ ಹೊಂದಿಕೊಂಡಿರುತ್ತದೆ. ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಹತ್ತೂವರೆಗೆ ದೀಪ ಆರಿಸುತ್ತೇವೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕೇ ಬೇಕು.

ಇದು ಬೆಳಗಿನ ಲಾಲ್‌ಬಾಗ್. ಹೈದರ್ ಅಲಿ 1760ರಲ್ಲಿ ಶುರು ಮಾಡಿಸಿದ ತೋಟ. ಈಗ ಹತ್ತುತ್ತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೇ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಆಯಿತು. ಸ್ನಾಯುಗಳಿಗೆ ಬಸ್ಕಿ ಹೊಡೆಯಿರಿ. ಮಂಡಿನೋವು ಇರುವವರು ಕುರ್ಚಿಯಿಂದ ಕೈ ಊರದೆ ಎದ್ದು ಕೂತರೂ ಆಗುತ್ತದೆ. ಅಮ್ಮ ಮಾಡುವುದು ಅದನ್ನೇ. ಮನೆಗೆ ಹೋಗುವಷ್ಟರಲ್ಲಿ ಎಲ್ಲರಿಗೂ ಚೆನ್ನಾಗಿ ಹಸಿದಿರುತ್ತದೆ. ಇಡ್ಲಿಯೋ ಅಕ್ಕಿರೊಟ್ಟಿಯೋ, ಕೂತು ತಿನ್ನುತ್ತೇವೆ.

ನನ್ನ ತಂಗಿ ನರ್ಸ್. ರಾತ್ರಿ ಪಾಳಿ ಇದ್ದಾಗ ಅವಳಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ಮುಂದಿನ ವ್ಲಾಗ್ ಅವಳ ಜೊತೆ, ಅವಳ ಡಬ್ಬಿಯಲ್ಲಿ ಏನಿರುತ್ತದೆ, ಹಗಲು ಹೇಗೆ ಮಲಗುತ್ತಾಳೆ ಅಂತ. ರಾತ್ರಿ ಪಾಳಿ ಮಾಡುವವರು ನಿಮ್ಮ ಪ್ರಶ್ನೆಗಳನ್ನು ಕೆಳಗೆ ಬರೆಯಿರಿ, ಅವಳನ್ನೇ ಕೇಳುತ್ತೇನೆ.