ಟ್ರೇಲರ್‌ನಲ್ಲಿ ಯಾರೂ ಬ್ಲಾಕ್ ಮಾಡಲ್ಲ

ನಮಸ್ಕಾರ. ಗಂಟಲು ಸ್ವಲ್ಪ ಕಟ್ಟಿದೆ, ಸಹಿಸ್ಕೊಳ್ಳಿ. ರಾತ್ರಿಯೆಲ್ಲಾ ಗೇಮ್ ಶೋಕೇಸ್, ಅಂದ್ರೆ ಕಂಪನಿಗಳು ಹೊಸ ವಿಡಿಯೋ ಗೇಮ್ ತೋರಿಸೋ ಲೈವ್ ಕಾರ್ಯಕ್ರಮ, ನೋಡಿದ ಫಲ.

ಲಾಸ್ ಏಂಜಲಿಸ್‌ನಲ್ಲಿ ಮಧ್ಯಾಹ್ನ ಎರಡಾದ್ರೆ ನಮಗೆ ರಾತ್ರಿ ಎರಡೂವರೆ. ಬಸವನಗುಡಿಯಲ್ಲಿ ಗೆಳೆಯನ ಮನೆ ಮಹಡಿ ಮೇಲಿನ ರೂಮು, ಐದು ಜನ, ಒಂದು ಫ್ಲಾಸ್ಕ್ ಕಾಫಿ, ಒಂದು ಪೊಟ್ಟಣ ಕಾಂಗ್ರೆಸ್ ಕಡಲೆಬೀಜ. ಕೆಳಗೆ ಅವನ ಅಜ್ಜಿ ಮಲಗಿರ್ತಾರೆ, ಹಾಗಾಗಿ ಖುಷಿಯಾದ್ರೆ ದಿಂಬು ಬಾಯಿಗೆ ಒತ್ಕೊಂಡೇ ಕಿರುಚಬೇಕು. ಇದು ನಮ್ಮ ರೂಮಿನ ರೂಲು.

ಒಂದು ಫೈಟಿಂಗ್ ಗೇಮ್ ಟ್ರೇಲರ್ ಬಂತು. ಎರಡು ನಿಮಿಷ ಇರಬಹುದು. ಮುಗಿಯೋಕೂ ಮುಂಚೆನೇ ಶುರು. "ಆ ಕ್ಯಾರೆಕ್ಟರ್ ತುಂಬಾ ಸ್ಟ್ರಾಂಗ್ ಮಗಾ, ಬ್ಯಾಲೆನ್ಸೇ ಇಲ್ಲ." "ಇದು ಬಟನ್ ಕುಟ್ಟೋರ ಗೇಮು." ಇನ್ನೊಬ್ಬ ಯಾವ ಕ್ಯಾರೆಕ್ಟರ್ ಯಾವ ಟಿಯರ್, ಅಂದ್ರೆ ಬಲದಲ್ಲಿ ಯಾವ ದರ್ಜೆ ಅಂತ ಕಡಲೆಬೀಜದ ಪೊಟ್ಟಣದ ಹಿಂದೆ ಬರೀತಾ ಕೂತಿದ್ದ. ಆಣೆಗೂ. ಪೆನ್ನಲ್ಲಿ.

ನಾನು ಸುಮ್ನೆ ತಲೆ ಎಣಿಸಿದೆ. ಐದು ಜನರಲ್ಲಿ ಫೈಟಿಂಗ್ ಗೇಮಿನಲ್ಲಿ ರ್‍ಯಾಂಕ್ಡ್ ಮ್ಯಾಚ್ (ಗೆದ್ರೆ-ಸೋತ್ರೆ ದರ್ಜೆ ಏರಿಳಿಯೋ ಆನ್‌ಲೈನ್ ಪಂದ್ಯ) ಆಡಿರೋರು ಇಬ್ಬರು. ಅದರಲ್ಲಿ ಒಬ್ಬ ನಾನು, ನನ್ನ ಯೋಗ್ಯತೆ ಆಮೇಲೆ ಹೇಳ್ತೀನಿ.

ಮನೆಗೆ ಬಂದು ಅದೇ ಟ್ರೇಲರ್ ಇನ್ನೊಂದ್ಸಲ ನೋಡಿದೆ. ಗುರು, ಎರಡು ನಿಮಿಷದಲ್ಲಿ ಒಬ್ಬನೂ ಬ್ಲಾಕ್ ಮಾಡಲ್ಲ! ಹೊಡೆತ, ಬೆಂಕಿ, ಮಿಂಚು, ಕ್ಯಾಮೆರಾ ಸುತ್ತೋದು. ಹಳೇದೆಲ್ಲ ತೆಗೆದು ನೋಡಿ, ಹೆಚ್ಚುಕಮ್ಮಿ ಹೀಗೇ. ಅದು ಸಹಜಾನೂ ಹೌದು, ತಡೆದ ಏಟನ್ನ ತೋರಿಸಿ ಯಾರಿಗೆ ಏನು ಮಾರ್ತೀರಿ? ಆದ್ರೆ ಫೈಟಿಂಗ್ ಗೇಮ್ ಅಂದ್ರೆ ಮುಕ್ಕಾಲು ಪಾಲು ಅದೇ. ಹಿಂದಕ್ಕೆ ಒತ್ತಿ ಹಿಡ್ಕೊಂಡು, ಎದುರಿನವನು ಯಾವಾಗ ತಪ್ಪು ಮಾಡ್ತಾನೆ ಅಂತ ಕಾಯೋದು. ಅದನ್ನ ಬಿಟ್ಟು ಮಿಕ್ಕಿದ್ದನ್ನ ನೋಡಿ ತೀರ್ಪು ಕೊಡೋದು, ಹೆಣ್ಣು ನೋಡೋಕೆ ಹೋಗಿ ಕೇಸರಿಬಾತ್ ತಿಂದು ಸಂಬಂಧ ಒಪ್ಕೊಂಡಂಗೆ.

ಮೊದಲು ಇ3 ಅಂತ ಒಂದು ದೊಡ್ಡ ಗೇಮ್ ಮೇಳ ಇತ್ತು. 1995ರಲ್ಲಿ ಶುರುವಾಗಿದ್ದು, 2023ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕ್ತು. ಅಲ್ಲಿಗೆ ಹೋದವರು ನಿಂತು ಆಡಿ ನೋಡ್ತಿದ್ರು. ನಮಗೆ ಆಗಲೂ ಅದು ಸಿಗ್ತಿರಲಿಲ್ಲ ಬಿಡಿ. ಈಗ ಎಲ್ಲರಿಗೂ ವಿಡಿಯೋನೇ ಗತಿ.

ಈಗ ನನ್ನ ಕಥೆ. 2022ರ ಜೂನ್ 3, ಬೆಳಗಿನ ಜಾವ ಮೂರೂವರೆಗೆ ಸೋನಿ ಕಂಪನಿಯ ಶೋಕೇಸ್, ಸ್ಟೇಟ್ ಆಫ್ ಪ್ಲೇ, ಶುರುವಾಯ್ತು. ಅದರಲ್ಲಿ ಸ್ಟ್ರೀಟ್ ಫೈಟರ್ 6 ತೋರಿಸಿದ್ರು. ಗೋಡೆಗೆ ಬಣ್ಣ ಎರಚಿದ ಹಾಗೆ ಡ್ರೈವ್ ಇಂಪ್ಯಾಕ್ಟ್ ಅನ್ನೋ ಭಾರಿ ಏಟು. ದಿಂಬು ಹರಿದೋಯ್ತು. ಅಲ್ಲಿಂದ ಸರಿಯಾಗಿ ಒಂದು ವರ್ಷ, 2023ರ ಜೂನ್ 2ಕ್ಕೆ ಗೇಮ್ ಬರೋವರೆಗೂ, ನಾನು ಬಾಯಲ್ಲೇ ಚಾಂಪಿಯನ್. ಯಾರು ಯಾರಿಗೆ ಸವಾಲು, ಯಾವ ಮೂವ್ ಸುರಕ್ಷಿತ, ಎಲ್ಲಾ ಕಂಠಪಾಠ. ಗೇಮ್ ಬಂತು. ಮೊದಲನೇ ಸಂಜೆ ಹನ್ನೊಂದು ಮ್ಯಾಚ್ ಆಡಿದೆ. ಹನ್ನೊಂದೂ ಸೋತೆ.

ಯಾಕೆ ಗೊತ್ತಾ? ಅದೇ ಡ್ರೈವ್ ಇಂಪ್ಯಾಕ್ಟ್. ಒತ್ತಿದಾಗಿಂದ ತಾಗೋಕೆ 26 ಫ್ರೇಮ್ ತಗೊಳತ್ತೆ. ಫ್ರೇಮ್ ಅಂದ್ರೆ ಸ್ಕ್ರೀನ್ ಮೇಲೆ ಬರೋ ಒಂದೊಂದು ಚಿತ್ರ; ಸೆಕೆಂಡಿಗೆ 60 ಫ್ರೇಮ್, ಅಂದ್ರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಕಮ್ಮಿ. ಕಣ್ಣು ನೋಡಿ ಕೈ ಒತ್ತೋಕೆ ಕಾಲು ಸೆಕೆಂಡ್ ಸಾಕು. ಲೆಕ್ಕದಲ್ಲಿ ಬೇಕಾದಷ್ಟು ಟೈಮಿದೆ. ಆದ್ರೆ ನಿಮ್ಮ ತಲೆ ಆಗ "ಮುಂದೆ ಯಾವ ಕಾಂಬೋ ಹೊಡೀಲಿ" ಅಂತ ಯೋಚಿಸ್ತಾ ಇದ್ರೆ ಆ ಟೈಮ್ ಎಲ್ಲಿ ಹೋಗತ್ತೋ ಗೊತ್ತಾಗಲ್ಲ. ನೀವು ಮೂಲೆಗೆ ಸಿಕ್ಕಿದ್ರಂತೂ ಬ್ಲಾಕ್ ಮಾಡಿದ್ರೂ ಗೋಡೆಗೆ ಬಡಿದು ಬೀಳ್ತೀರಿ. ಇದಕ್ಕೆ ನೇರವಾದ ಉತ್ತರ, ನೀವೂ ಅದನ್ನೇ ತಿರುಗಿಸಿ ಹೊಡೆಯೋದು.

ಟ್ರೈನಿಂಗ್ ಮೋಡಲ್ಲಿ ಬೊಂಬೆಗೆ ಹೇಳಿಕೊಟ್ಟೆ: ಮೂರು ಬೇರೆ ಬೇರೆ ಏಟು, ಮಧ್ಯೆ ಯಾವಾಗಾದ್ರೂ ಒಂದು ಇಂಪ್ಯಾಕ್ಟ್. ದಿನಾ ಇಪ್ಪತ್ತು ನಿಮಿಷ. ಹಿಂದಿನಿಂದ ಅಮ್ಮ ಬಂದು ನಿಂತು ನೋಡಿದ್ರು. "ಅವನು ಹೊಡೀತಾನೆ ಇದಾನಲ್ಲೋ, ನೀನ್ಯಾಕೆ ಸುಮ್ನಿದೀಯ?" ಅಂದ್ರು. ಅಮ್ಮಾ, ಸುಮ್ನಿರೋದನ್ನೇ ಕಲೀತಿದೀನಿ ಅಂದೆ. ಅವರಿಗೆ ನನ್ನ ಬಗ್ಗೆ ಮೊದಲೇ ಇದ್ದ ಅನುಮಾನ ಇನ್ನೂ ಗಟ್ಟಿಯಾಯ್ತು.

ಇನ್ನು ಮಾಡರ್ನ್ ಕಂಟ್ರೋಲ್ ಗಲಾಟೆ. ಬಟನ್ ಒತ್ತೋ ಹಳೇ ರೀತಿ ಕ್ಲಾಸಿಕ್, ಸುಲಭದ್ದು ಮಾಡರ್ನ್. ಕ್ಲಾಸಿಕ್‌ನಲ್ಲಿ ದೂರಕ್ಕೆ ಎಸೆಯೋ ಶಕ್ತಿಯ ಉಂಡೆ ಹಡೋಕೆನ್‌ಗೆ ಕೆಳಗೆ, ಓರೆ, ಮುಂದೆ, ಆಮೇಲೆ ಪಂಚ್. ಮಾಡರ್ನ್‌ನಲ್ಲಿ ಒಂದೇ ಬಟನ್. ನಮ್ಮ ರೂಮಲ್ಲಿ ಎಲ್ಲರೂ ಇದನ್ನ "ಚೀಟಿಂಗ್" ಅಂತಾರೆ. ಹಾಗೆ ಒಂದೇ ಬಟನ್‌ನಲ್ಲಿ ಹೊಡೆದ ಸ್ಪೆಷಲ್‌ಗೆ ಡ್ಯಾಮೇಜ್ 20 ಪರ್ಸೆಂಟ್ ಕಡಿಮೆ, ಕೆಲವು ಏಟುಗಳು ಇರೋದೇ ಇಲ್ಲ. ಇದನ್ನ ಯಾರೂ ಹೇಳಲ್ಲ. ನನ್ನ ತಂಗಿ ಹಿಂದೆ ಯಾವತ್ತೂ ಪ್ಯಾಡ್ ಮುಟ್ಟಿದವಳಲ್ಲ, ಮಾಡರ್ನ್ ಹಾಕ್ಕೊಂಡು ಕೂತಳು. ಬೆರಳಿನ ಕಾಟ ಇಲ್ಲ, ಹಾಗಾಗಿ ಅವಳ ಗಮನ ಪೂರ್ತಿ ನನ್ನ ಮೇಲೆ. ಮೂರನೇ ವಾರಕ್ಕೆ ಒಂದು ಮಾತು ಹೇಳಿದ್ಲು: "ಅಣ್ಣಾ, ನಿಂಗೆ ಭಯ ಆದಾಗೆಲ್ಲಾ ಎಗರ್ತೀಯ." ಆಮೇಲಿಂದ ಎಗರಿದಾಗೆಲ್ಲಾ ಶೋರ್ಯುಕೆನ್, ಮೇಲಕ್ಕೆ ಹಾರಿ ಹೊಡೆಯೋ ಪಂಚ್. ನಾನು ಮೂರು ವಾರ ಹೆಬ್ಬೆರಳಲ್ಲಿ ಬೊಬ್ಬೆ ಎಬ್ಬಿಸ್ಕೊಂಡು ಕಲಿತಿದ್ದು ಪಟ್ಟು. ಅವಳು ಕಲಿತಿದ್ದು ನನ್ನನ್ನ. ಈಗ ಹೇಳಿ, ಗೇಮ್ ಆಡ್ತಿದ್ದೋರು ಯಾರು?

ಗರಡಿಗೆ ಹೋದವರಿಗೆ ಇದು ಹೊಸದಲ್ಲ. ಸಾಮು ಒಬ್ಬರೇ ತೆಗೀಬಹುದು, ಕುಸ್ತಿಗೆ ಎದುರಿಗೆ ಒಂದು ಮೈ ಬೇಕು.

2019ರಲ್ಲಿ ಲಾಹೋರಿನ ಅರ್ಸ್ಲಾನ್ ಆಶ್ ಟೆಕ್ಕೆನ್ 7 ಅನ್ನೋ ಫೈಟಿಂಗ್ ಗೇಮಲ್ಲಿ ಇವೋ ಜಪಾನ್ ಅನ್ನೋ ದೊಡ್ಡ ಟೂರ್ನಿನೂ ಗೆದ್ದ, ಅದೇ ವರ್ಷ ಅಮೆರಿಕದ ಇವೋನೂ ಗೆದ್ದ. ನಮ್ಮೂರಲ್ಲಿ ಇನ್ನೂ ಬಲವಾದವರಿದಾರೆ ಅಂದ. "ನೀ" (Knee) ಅನ್ನೋ ಹೆಸರಲ್ಲಿ ಆಡೋ ಕೊರಿಯಾದ ದೊಡ್ಡ ಆಟಗಾರ ಪಾಕಿಸ್ತಾನಕ್ಕೇ ಹೋಗಿ ಅವರ ಜೊತೆ ಆಡಿ ಬಂದ. ಟ್ರೇಲರ್ ನೋಡಿ ಹುಟ್ಟಿದ ಊರಲ್ಲ ಅದು, ಪಕ್ಕಪಕ್ಕ ಕೂತು ಹೊಡ್ಕೊಂಡು ಹುಟ್ಟಿದ್ದು. ಇನ್ನು "ನಂಗೆ ವಯಸ್ಸಾಯ್ತು, ಕೈ ಓಡಲ್ಲ" ಅನ್ನೋ ಅಣ್ಣಂದಿರಿಗೆ: 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್‌ವೂಗೆ ಆಗ 44. ನಮ್ಮ ದೇಶದಿಂದಲೂ ಇಬ್ಬರು ಅಲ್ಲಿಗೆ ಹೋಗಿದ್ರು.

ನಾನು ಶೋಕೇಸ್ ನೋಡೋದು ಬಿಡಲ್ಲ. ಆ ದಿಂಬಿನ ಕಿರುಚಾಟ ಇಲ್ಲದೆ ಜೂನ್ ಹೇಗೆ ಕಳೆಯೋದು? ಆದ್ರೆ ಕಂಪನಿಗಳಿಗೆ ಒಂದು ಕೋರಿಕೆ. ಟ್ರೇಲರ್ ಆದ್ಮೇಲೆ ಒಂದೇ ಒಂದು ರೌಂಡ್ ಕಟ್ ಮಾಡದೆ ತೋರಿಸಿ. 99 ಸೆಕೆಂಡ್. ಅಪ್ಪಟ ಮನುಷ್ಯರಿಬ್ಬರು ಆಡಲಿ. ಒಬ್ಬ ಹೆದರಿ ಎಗರಲಿ, ಇನ್ನೊಬ್ಬ ಕಾಯಲಿ.

ರೂಮಲ್ಲಿ ಹೊಸ ರೂಲು ಮಾಡಿದೀವಿ. ಮುಂದಿನ ಶೋಕೇಸ್ ರಾತ್ರಿ ಹನ್ನೆರಡಕ್ಕೇ ಎಲ್ಲರೂ ಸೇರೋದು, ಎರಡೂವರೆವರೆಗೂ ಮ್ಯಾಚು. ಒಂದಾದ್ರೂ ಗೆದ್ದೋರಿಗೆ ಮಾತ್ರ ಟ್ರೇಲರ್ ಬಗ್ಗೆ ಬಾಯಿ ಬಿಡೋ ಹಕ್ಕು. ಈ ಸಲ ತಂಗಿನೂ ಬರ್ತಾಳಂತೆ. ಕಡಲೆಬೀಜದ ಪೊಟ್ಟಣದವನು ಆಗಲೇ ಮೆಸೇಜ್ ಹಾಕಿದಾನೆ, "ಆವತ್ತು ನಂಗೆ ಆಫೀಸಿದೆ ಮಗಾ" ಅಂತ. ರಾತ್ರಿ ಹನ್ನೆರಡಕ್ಕೆ. ಬ್ಯಾಂಕ್ ಕೆಲಸದೋನು.