ಕೆಂಪು ಪುಸ್ತಕದ ಕಿಟಕಿ

ನೋಡಿ, ಪರದೆಯ ಕೆಳಗಿನ ಪಟ್ಟಿಯಲ್ಲಿ ಮೂರು ಕಿಟಕಿಗಳಿವೆ. ಮೂರೂ ಎಕ್ಸ್‌ಟರ್ಮ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಗಳು; ಮೂರಕ್ಕೂ ಒಂದೇ ಐಕಾನ್. ಒಂದರಲ್ಲಿ ಮನೆಯ ಜಮಾಖರ್ಚು, ಇನ್ನೊಂದರಲ್ಲಿ ದಿನಚರಿ, ಮತ್ತೊಂದರಲ್ಲಿ ರೇಡಿಯೊ. ನಿನ್ನೆ ಹಾಲಿನವರ ಬಾಕಿಯನ್ನು ದಿನಚರಿಯೊಳಗೆ ಬರೆದುಬಿಟ್ಟೆ. ಇಂದು ಜಮಾಖರ್ಚಿನ ಕಿಟಕಿಗೆ ಬೇರೆ ಐಕಾನ್ ಕೊಟ್ಟು ಇದನ್ನು ಸರಿಪಡಿಸಲೇಬೇಕು.

ಎರಡು ಜಿಬಿ ರ‍್ಯಾಮ್‌ನ ಈ ಹಳೆಯ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದೆ. ಕಿಟಕಿಗಳನ್ನು ನೋಡಿಕೊಳ್ಳುವುದು ಜೆಡಬ್ಲ್ಯೂಎಂ ಎಂಬ ತಂತ್ರಾಂಶ. ಪಪ್ಪಿ ಲಿನಕ್ಸ್ ಬಳಸಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಈ ಪುಟ್ಟ ತಂತ್ರಾಂಶದ ಮೇಲೆ ನನಗೆ ಬಹಳ ಅಕ್ಕರೆ. ಏನು ಬದಲಿಸಬೇಕಾದರೂ ಒಂದೇ ಪಠ್ಯ ಕಡತವನ್ನು ತಿದ್ದಿದರೆ ಸಾಕು.

ಮೊದಲು ಕಿಟಕಿಯ ನಿಜವಾದ ಹೆಸರು ತಿಳಿಯಬೇಕು. ಎಕ್ಸ್‌ಪ್ರಾಪ್ ಎಂಬ ಆದೇಶವನ್ನು ಟೈಪ್ ಮಾಡಿದೆ; ಇದು ಕಿಟಕಿಯ ವಿವರ ತೋರಿಸುತ್ತದೆ. ಬಾಣದ ಗುರುತು ಕೂಡುಚಿಹ್ನೆಯಾಯಿತು, ಕಿಟಕಿಯ ಮೇಲೆ ಒತ್ತಿದೆ. ಡಬ್ಲ್ಯೂಎಂ ಕ್ಲಾಸ್ ಎಂಬ ಸಾಲಿನಲ್ಲಿ ಎರಡು ಪದಗಳಿವೆ: ಮೊದಲನೆಯದು ಹೆಸರು, ಎರಡನೆಯದು ವರ್ಗ. ಮೂರು ಕಿಟಕಿಗಳಲ್ಲೂ ಎರಡೂ ಒಂದೇ. ಕಿಟಕಿಯ ಮೇಲಿನ ಶೀರ್ಷಿಕೆ ಬದಲಿಸಿದರೆ ಇವು ಬದಲಾಗುವುದಿಲ್ಲ. ನಾನು ಅರ್ಧ ದಿನ ಕಳೆದದ್ದು ಅಲ್ಲಿಯೇ. ಎಕ್ಸ್‌ಟರ್ಮ್ ತೆರೆಯುವಾಗಲೇ 'ನೇಮ್' ಆಯ್ಕೆಯ ಮುಂದೆ 'ಲೆಕ್ಕ' ಎಂದು ಕೊಡಬೇಕು. ಆಗ ಹೆಸರು ಮಾತ್ರ ಬೇರೆಯಾಗುತ್ತದೆ, ವರ್ಗ ಹಾಗೆಯೇ ಉಳಿಯುತ್ತದೆ.

ಈಗ ಜೆಡಬ್ಲ್ಯೂಎಂ ಕಡತದಲ್ಲಿ ಒಂದು ಗ್ರೂಪ್, ಅಂದರೆ ನಿರ್ದಿಷ್ಟ ಕಿಟಕಿಗಳಿಗಷ್ಟೇ ಅನ್ವಯಿಸುವ ನಿಯಮಗಳ ಗುಂಪು, ಬರೆಯುತ್ತೇನೆ. ಅದರೊಳಗೆ ಆ ಹೆಸರು, ಅದರ ಕೆಳಗೆ 'ಐಕಾನ್' ಎಂಬ ಆಯ್ಕೆ, ಚಿತ್ರ ಇರುವ ಜಾಗ. ಉಳಿಸುವ ಮೊದಲೇ ಜೆಡಬ್ಲ್ಯೂಎಂ ಮರುಪ್ರಾರಂಭಿಸಬೇಡಿ. ಉಳಿಸಿ, ಜೆಡಬ್ಲ್ಯೂಎಂ ಆದೇಶಕ್ಕೆ 'ಪಿ' ಆಯ್ಕೆ ಕೊಟ್ಟು ಕಡತದಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಮರುಪ್ರಾರಂಭಿಸಿ. ತೆರೆದಿರುವ ಕಿಟಕಿಗಳು ಮುಚ್ಚಿಹೋಗುವುದಿಲ್ಲ.

ಚಿತ್ರಕ್ಕೆ ಅಜ್ಜನ ಅಂಗಡಿಯ ಖಾತೆ ಪುಸ್ತಕವನ್ನೇ ಆರಿಸಿಕೊಂಡೆ. ಕೆಂಪು ಬಟ್ಟೆಯ ಹೊದಿಕೆ, ಮೂಲೆಯಲ್ಲಿ ಬಿಳಿ ದಾರ. ಫೋಟೊ ತೆಗೆದು 48 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಬಟ್ಟೆಯ ನೇಯ್ಗೆ ಇನ್ನೂ ಕಾಣುತ್ತಿತ್ತು. ಪಟ್ಟಿಗೆ ಬಂದಾಗ ಅದು ಇನ್ನೂ ಚಿಕ್ಕದಾಯಿತು, ದಾರವೂ ನೇಯ್ಗೆಯೂ ಕಲಸಿಹೋಗಿ ಮಸುಕು ಮಚ್ಚೆಯಾಯಿತು. ಫೋಟೊ ಬಿಟ್ಟು ನಾನೇ ಬಿಡಿಸಿದೆ: ಕೆಂಪು ಚೌಕ, ಎಡಕ್ಕೆ ದಪ್ಪ ಬಿಳಿ ಗೆರೆ. ಅಷ್ಟೇ.

ಇದೋ, ಬಂತು. ಪಟ್ಟಿಯಲ್ಲಿ ಅಜ್ಜನ ಪುಸ್ತಕ ಕುಳಿತಿದೆ. ಹಾಲಿನವರ ಬಾಕಿಯನ್ನು ಅದರೊಳಗೆ ಬರೆದಿಟ್ಟು, ದಿನಚರಿಯ ಕಿಟಕಿಗೆ ಹೋಗುತ್ತೇನೆ.