ಗುರುತಿಲ್ಲದವರ ಹತ್ತಿರ ಇಂಗ್ಲಿಷಿನಲ್ಲಿ ಕೇಳುವಾಗ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟ ಹುಡುಗ ಹುಡುಗಿಯರು, ಗಲ್ಫಿಗೆ ಹೋಗಲು ತಯಾರಾಗುತ್ತಿರುವ ನರ್ಸ್‌ಗಳು, ಟ್ಯಾಕ್ಸಿ ಓಡಿಸುವವರು, ನಿಮ್ಮ ಜೊತೆ ಇವತ್ತು ಮಾತು. ನಿಮಗೆ ಇಂಗ್ಲಿಷ್ ಬರುತ್ತದೆ. ಗುರುತಿಲ್ಲದವರ ಹತ್ತಿರ ಏನಾದರೂ ಕೇಳಬೇಕಾದಾಗ ಮಾತು ಹೇಗೆ ಶುರು ಮಾಡುವುದು ಎಂದು ತಡವರಿಸುತ್ತೀರಿ, ಅಲ್ವಾ?

‘ಕುಡ್ ಯು ಟೆಲ್ ಮಿ’ ಎಂದು ಶುರು ಮಾಡಿ. ನಾನು ಹೇಳಲು ಬಂದದ್ದು ಇಷ್ಟೇ. ‘ಎನಿ ಐಡಿಯಾ’ ಎನ್ನುವುದನ್ನು ಗೆಳೆಯರಿಗೆ ಇಟ್ಟುಕೊಳ್ಳಿ.

ನಮಗೆ ಕನ್ನಡದಲ್ಲಿ ನೀನು, ನೀವು ಇದೆ. ತುಳುವಿನಲ್ಲಿ ಈ, ಈರ್ ಇದೆ. ಮರ್ಯಾದೆ ಅಲ್ಲೇ ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನ ‘ಯು’ ಮಗುವಿಗೂ ಅದೇ, ಮ್ಯಾನೇಜರಿಗೂ ಅದೇ. ಹಾಗಾಗಿ ಮರ್ಯಾದೆ ತೋರಿಸುವ ಕೆಲಸವನ್ನು ಆ ಮೊದಲ ನಾಲ್ಕು ಶಬ್ದ ಮಾಡಬೇಕು.

ನನ್ನ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಒಬ್ಬರು ಟ್ಯಾಕ್ಸಿ ಡ್ರೈವರ್ ಬರುತ್ತಾರೆ. ಪಣಂಬೂರಿನ ಬಂದರಿಗೆ ವಿದೇಶದ ಪ್ರವಾಸಿ ಹಡಗು ಬಂದಾಗ ಅವರಿಗೆ ಒಳ್ಳೆಯ ಬಾಡಿಗೆ. ಒಮ್ಮೆ ಒಬ್ಬ ವಯಸ್ಸಾದ ಹೆಂಗಸು ಸಿಕ್ಕಿದರು. ಕುದ್ರೋಳಿ ದೇವಸ್ಥಾನ ತೋರಿಸಿ, ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದರಂತೆ. ಗೋಡೆ, ಚಾವಣಿ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳು ಅಲ್ಲವೇ, ಆಯಮ್ಮ ಕತ್ತೆತ್ತಿ ನೋಡುತ್ತಾ ನಿಂತುಬಿಟ್ಟರು. ಇವರಿಗೋ ಇನ್ನೂ ಕದ್ರಿ ದೇವಸ್ಥಾನ ತೋರಿಸುವುದಿದೆ. ಹಡಗಿಗೆ ಎಷ್ಟು ಗಂಟೆಗೆ ವಾಪಸು ಮುಟ್ಟಿಸಬೇಕು ಎಂದು ತಿಳಿದುಕೊಳ್ಳಬೇಕಿತ್ತು. ಅಳಿಯ ಕಲಿಸಿದ ಇಂಗ್ಲಿಷಿನಲ್ಲಿ ಕೇಳಿದರು: ‘ಹೇ, ಎನಿ ಐಡಿಯಾ ವೆನ್ ದ ಶಿಪ್ ಲೀವ್ಸ್?’

ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಆಯಮ್ಮನಿಗೆ ಗಾಬರಿ. ಈ ಮನುಷ್ಯನಿಗೆ ಹೊತ್ತಿನ ಗೊಡವೆಯೇ ಇಲ್ಲ, ಸುಮ್ನೆ ಕೇಳುತ್ತಿದ್ದಾನೆ ಎಂದುಕೊಂಡರು. ಕದ್ರಿ ಬೇಡ, ಮಾರ್ಕೆಟ್ ಬೇಡ, ಸೀದಾ ಬಂದರಿಗೆ ಬಿಡಿ ಎಂದರು. ಅರ್ಧ ದಿನದ ಬಾಡಿಗೆ ಅಲ್ಲಿಗೇ ಮುಗಿಯಿತು. ಎಷ್ಟು ಒಳ್ಳೆಯ ಮನುಷ್ಯ ನಮ್ಮ ಡ್ರೈವರ್! ‘ಕುಡ್ ಯು ಟೆಲ್ ಮಿ ವೆನ್ ಯು ನೀಡ್ ಟು ಬಿ ಬ್ಯಾಕ್?’ ಎಂದಿದ್ದರೆ ಸಮಯಕ್ಕೆ ಬೆಲೆ ಕೊಡುವ ಡ್ರೈವರ್ ಎಂದು ಆಯಮ್ಮ ನಿಶ್ಚಿಂತೆಯಿಂದ ಕೂರುತ್ತಿದ್ದರು. ಈಗ ಅವರು ಹಾಗೆಯೇ ಕೇಳುತ್ತಾರೆ. ಕ್ಲಾಸಿನಲ್ಲಿ ಬೇರೆಯವರಿಗೂ ಹೇಳಿಕೊಡುತ್ತಾರೆ.

ಹೊತ್ತಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ‘ಟೆಲ್ ಮಿ’ಗೆ ‘ಪ್ಲೀಸ್’ ಅಂಟಿಸಿದರೆ ಸಾಲದು. ‘ಪ್ಲೀಸ್ ಟೆಲ್ ಮಿ ದ ಫೀಸ್’ ಎಂದರೂ ಅದು ಅಪ್ಪಣೆಯೇ. ಇದನ್ನು ನಾನು ದಿನಾ ಹೇಳುತ್ತೇನೆ, ದಿನಾ ಅದೇ ಕೇಳಿಸುತ್ತದೆ! ‘ಕುಡ್ ಯು ಟೆಲ್ ಮಿ’ ಎನ್ನಿ.

ಇನ್ನೊಂದು. ಅದರ ನಂತರ ಶಬ್ದಗಳ ಸಾಲು ಬದಲಾಗುತ್ತದೆ. ‘ವೇರ್ ಈಸ್ ದ ಕೌಂಟರ್’ ಅಲ್ಲ, ‘ಕುಡ್ ಯು ಟೆಲ್ ಮಿ ವೇರ್ ದ ಕೌಂಟರ್ ಈಸ್’. ‘ಈಸ್’ ಕೊನೆಗೆ. ಬಾಯಿಬಿಟ್ಟು ಹತ್ತು ಸಲ ಹೇಳಿ ನೋಡಿ, ನಾಲಿಗೆಗೆ ಕೂರುತ್ತದೆ.

ದಾರಿಯಲ್ಲಿ ಹೋಗುವವರಿಗೆ ಉತ್ತರ ಗೊತ್ತಿರಲೇಬೇಕು ಎಂದೇನಿಲ್ಲ. ಅವರ ಹತ್ತಿರ ‘ಡು ಯು ಹ್ಯಾಪನ್ ಟು ನೋ’ ಎಂದು ಕೇಳಿದರೆ ಇನ್ನೂ ಚಂದ. ಗೊತ್ತಿಲ್ಲ ಎನ್ನಲು ಅವರಿಗೆ ಮುಜುಗರ ಆಗುವುದಿಲ್ಲ. ಗೊತ್ತಿಲ್ಲ ಎಂದರೆ ಮುಖ ತಿರುಗಿಸಿ ಹೊರಡಬೇಡಿ, ‘ಥ್ಯಾಂಕ್ಸ್ ಎನಿವೇ’ ಎಂದು ಹೇಳಿ ಮುಂದಿನವರನ್ನು ಕೇಳಿ.

ನಮಸ್ಕಾರ.